ಟೆಕ್ಸಸ್ ಎ ಅಂಡ್ ಎಂನ 2022ರ ಬ್ಯಾಚ್ ನಿಜಕ್ಕೂ ದಂಡವಾಯಿತೇ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2022ರಲ್ಲಿ ಸೇರಿಸಿಕೊಂಡ ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ಇದುವರೆಗಿನ ಅತ್ಯುತ್ತಮ ಬ್ಯಾಚ್ ಅಂತ ಹೊಗಳಿದ್ದರು, ಈಗ ಎಲ್ಲರೂ ದಂಡ ಅನ್ನುತ್ತಾರೆ, ಆದರೆ ಅದೇ ಬ್ಯಾಚಿನ ಇಬ್ಬರು 2025ರ ಎನ್‌ಎಫ್‌ಎಲ್ ಡ್ರಾಫ್ಟಿನ (ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳೋದು) ಮೊದಲ ಸುತ್ತಿನಲ್ಲೇ ಹೋದರಲ್ಲ, ಯಾವುದನ್ನು ನಂಬಬೇಕು?

ದಂಡ ಅನ್ನುವವರ ಪಕ್ಷ ನನ್ನದು. ಡ್ರಾಫ್ಟ್ ನೋಡಿ ಬ್ಯಾಚನ್ನು ಅಳೆಯೋದು ಸುಲಭ, ಹಾಗಾಗಿಯೇ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ನೀವು ಹೇಳಿದ ಆ ಇಬ್ಬರನ್ನೇ ಸ್ವಲ್ಪ ನೋಡಿ. ವಾಲ್ಟರ್ ನೋಲನ್ 16ನೆಯವನಾಗಿ ಅರಿಜೋನಾ ಕಾರ್ಡಿನಲ್ಸ್‌ಗೆ ಹೋದ. ಹೋಗುವಾಗ ಅವನು ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಆಟಗಾರ. ಎ ಅಂಡ್ ಎಂನಲ್ಲಿ ಎರಡು ಸೀಸನ್ ಆಡಿ, ಬಿಟ್ಟು ಹೋಗಿ, ತನ್ನ ಅತ್ಯುತ್ತಮ ಆಟವನ್ನು 2024ರಲ್ಲಿ ಅಲ್ಲಿ ಆಡಿದ. ಅವನ ಹಿಂದೆಯೇ 17ನೆಯವನಾಗಿ ಸಿನ್ಸಿನಾಟಿ ಬೆಂಗಾಲ್ಸ್ ಪಾಲಾದವನು ಶೆಮಾರ್ ಸ್ಟೂವರ್ಟ್. ಇವನು ಮೂರು ವರ್ಷವೂ ಎ ಅಂಡ್ ಎಂನಲ್ಲೇ ಇದ್ದ, ಪಾಪ, ಆದರೆ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು (ಚೆಂಡೆಸೆದು ದಾಳಿ ನಡೆಸುವವನನ್ನು) ಕೆಡವೋದೇ ಕೆಲಸವಾಗಿದ್ದ ಹುಡುಗನಿಗೆ ಮೂರು ವರ್ಷ ಸೇರಿ ಸಿಕ್ಕಿದ್ದು ನಾಲ್ಕೂವರೆ ಸ್ಯಾಕ್ (ಹಾಗೆ ಕೆಡವಿದ್ದರ ಲೆಕ್ಕ). ಎನ್‌ಎಫ್‌ಎಲ್‌ನವರು ಅವನ ಮೈಕಟ್ಟು, ವೇಗ, ಮುಂದೆ ಏನಾಗಬಲ್ಲ ಅನ್ನೋದನ್ನು ನೋಡಿ ತಗೊಂಡರು. ಅದು ಅವರ ಲೆಕ್ಕ. ಕಾಲೇಜಿಗೆ ಅದರಿಂದ ಒಂದು ಪಂದ್ಯವೂ ಹೆಚ್ಚಿಗೆ ಸಿಗಲಿಲ್ಲ, ಅಲ್ವಾ?

ನಾನು ಕೇಳೋದು ಒಂದೇ: ಈ ಹುಡುಗರು ಈ ಕಾಲೇಜಿನ ಜೆರ್ಸಿ ಹಾಕಿಕೊಂಡು ಏನು ಗೆದ್ದುಕೊಟ್ಟರು?

ಇದಕ್ಕೆ ನಾನು ಯಾವಾಗಲೂ ಎದುರಿಗೆ ಇಟ್ಟುಕೊಳ್ಳೋದು ಅಲಬಾಮಾದ 2017ರ ಬ್ಯಾಚು. 2018ರ ಜನವರಿ 8, ಅಟ್ಲಾಂಟಾ, ಜಾರ್ಜಿಯಾ ವಿರುದ್ಧ ಫೈನಲ್. ಅರ್ಧ ಆಟ ಮುಗಿದಾಗ ಅಲಬಾಮಾ 13-0 ಹಿಂದೆ. ಕೋಚ್ ನಿಕ್ ಸೇಬನ್, ಸೀಸನ್ ಪೂರ್ತಿ ಆಡಿದ್ದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಟುವಾ ಟಾಗೊವೈಲೋವಾನನ್ನು ಇಳಿಸಿದರು. ಟುವಾ ಎಸೆದ ಮೊದಲ ಟಚ್‌ಡೌನ್ ಹಿಡಿದವನು ಹೆನ್ರಿ ರಗ್ಸ್, ಮೊದಲ ವರ್ಷದವನು. ಚೆಂಡು ಹಿಡಿದು ಓಡಿದ ನಾಜಿ ಹ್ಯಾರಿಸ್ ಕೂಡ ಮೊದಲ ವರ್ಷ. ಗಾಯಗೊಂಡವನ ಜಾಗಕ್ಕೆ ಲೆಫ್ಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕನ್ನು ಕಾಯುವವನು) ಆಗಿ ನಿಂತ ಅಲೆಕ್ಸ್ ಲೆದರ್‌ವುಡ್ ಕೂಡ. ಓವರ್‌ಟೈಮಿನಲ್ಲಿ ಟುವಾ ಮೊದಲು 16 ಗಜ ಹಿಂದಕ್ಕೆ ಹೋಗಿ ಬಿದ್ದ, ನಾವೆಲ್ಲ ಮುಗೀತು ಅಂದುಕೊಂಡೆವು, ಮುಂದಿನ ಪ್ರಯತ್ನದಲ್ಲೇ 41 ಗಜ ದೂರ ಎಸೆದ, ಹಿಡಿದವನು ಡಿವಾಂಟಾ ಸ್ಮಿತ್. 26-23. ಅವನೂ ಅದೇ ಬ್ಯಾಚು! ಕಾಲೇಜಿಗೆ ಬಂದು ವರ್ಷ ತುಂಬದ ಹುಡುಗರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು.

ಅಲ್ಲಿಗೇ ನಿಲ್ಲಲಿಲ್ಲ. ಆ ಬ್ಯಾಚಿನಲ್ಲಿ ಮ್ಯಾಕ್ ಜೋನ್ಸ್ ಅಂತ ಒಬ್ಬ ಮೂರು ಸ್ಟಾರ್ (ಶಾಲಾ ಆಟಗಾರರಿಗೆ ಕೊಡುವ ಶ್ರೇಣಿ, ಐದು ಅಂದರೆ ಅತ್ಯುನ್ನತ) ಕ್ವಾರ್ಟರ್‌ಬ್ಯಾಕ್ ಹುಡುಗ ಇದ್ದ. ಅವನಿಗಾಗಿ ಯಾರೂ ಪಟಾಕಿ ಹೊಡೆದಿರಲಿಲ್ಲ. ಸುಮ್ನೆ ಕಾದ, ಟುವಾ ಹೋದ ಮೇಲೆ 2020ರಲ್ಲಿ ಪೂರ್ತಿ ಸೀಸನ್ ಆಡುವ ಅವಕಾಶ ಸಿಕ್ಕಿತು, ಆ ವರ್ಷ ತಂಡ 13ಕ್ಕೆ 13 ಗೆದ್ದು ಮತ್ತೆ ಚಾಂಪಿಯನ್. ಡಿವಾಂಟಾ ಸ್ಮಿತ್‌ಗೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ. ಎರಡು ಡ್ರಾಫ್ಟ್ ಸೇರಿ ಈ ಬ್ಯಾಚಿನ ಎಂಟು ಮಂದಿ ಮೊದಲ ಸುತ್ತಿನಲ್ಲಿ ಹೋದರು. ಅದರಲ್ಲಿ ಲೆದರ್‌ವುಡ್‌ನನ್ನು ಎನ್‌ಎಫ್‌ಎಲ್ ತಂಡ ರೈಡರ್ಸ್‌ನವರು ಒಂದೇ ಸೀಸನ್ ಆಡಿಸಿ ಕೈಬಿಟ್ಟರು. ಹಾಗಂತ ಅಲಬಾಮಾಗೆ ಅವನು ದಂಡವಾದನೇ? ಖಂಡಿತ ಇಲ್ಲ.

ಈಗ ಎ ಅಂಡ್ ಎಂಗೆ ಬನ್ನಿ. ಆಗ ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್ ಮಿತಿ ಇತ್ತು, ಹಾಗಾಗಿ ಮೂವತ್ತರ ಆಸುಪಾಸಿನ ಒಂದು ಬ್ಯಾಚ್ ಅಂದರೆ ತಂಡದ ಮೂರನೇ ಒಂದು ಭಾಗ. ಐದು ಸ್ಟಾರ್‌ನವರೇ ಏಳೆಂಟು ಮಂದಿ. ದುಡ್ಡು ಕೊಟ್ಟು ಕೊಂಡರು ಅಂತ ಸೇಬನ್ ಬಹಿರಂಗವಾಗಿಯೇ ಹೇಳಿದರು, ಕೋಚ್ ಜಿಂಬೋ ಫಿಷರ್ ಸಿಟ್ಟಾಗಿ ಅಲ್ಲಗಳೆದರು. ಆ ವರ್ಷ ತಂಡ ಐದು ಗೆದ್ದು ಏಳು ಸೋತಿತು. ಅಪಲಾಚಿಯನ್ ಸ್ಟೇಟ್ ವಿರುದ್ಧ ಸ್ವಂತ ಮೈದಾನದಲ್ಲೇ 17-14ರಿಂದ ಸೋತಿತು. ಅದನ್ನು ನಾನು ಹೊಸ ಹುಡುಗರ ತಲೆಗೆ ಕಟ್ಟಲ್ಲ. ಮೊದಲ ವರ್ಷದ ಸೋಲು ಹಳಬರದು, ಕೋಚ್‌ದು. ಆದರೆ ಮೂರನೇ ವರ್ಷಕ್ಕೆ ಯಾರಿದ್ದಾರೆ ನೋಡಿ. ನೋಲನ್ ಓಲ್ ಮಿಸ್‌ಗೆ, ಎವಾನ್ ಸ್ಟೂವರ್ಟ್ ಒರೆಗಾನ್‌ಗೆ, ಓವರ್‌ಟನ್ ಅಲಬಾಮಾಗೆ, ಆಂಥನಿ ಲ್ಯೂಕಸ್ ಯುಎಸ್‌ಸಿಗೆ. ಫಿಷರ್‌ರನ್ನು 2023ರ ನವೆಂಬರ್‌ನಲ್ಲೇ ತೆಗೆದಾಗಿತ್ತು, ಅದಕ್ಕೆ ಕೊಡಬೇಕಾಗಿ ಬಂದಿದ್ದು 7.5 ಕೋಟಿ ಡಾಲರಿಗೂ ಜಾಸ್ತಿ. ಕಾಗದದ ಮೇಲಿನ ಬಲ ಅಂದರೆ ಏನು ಅಂತ ಆರ್‌ಸಿಬಿ ಅಭಿಮಾನಿಗಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸ್ಟಾರ್ ಲೆಕ್ಕವೇ ಸುಳ್ಳು ಅಂತಲ್ಲ. ಈ ಸ್ಟಾರ್ ಕೊಡುವ ವೆಬ್‌ಸೈಟ್ 247ಸ್ಪೋರ್ಟ್ಸ್‌ನವರು ವರ್ಷಕ್ಕೆ ಸುಮಾರು 32 ಜನರಿಗೆ ಐದು ಸ್ಟಾರ್ ಕೊಡುತ್ತಾರೆ, ಯಾಕೆಂದರೆ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಜಾಗ. ಅಂದರೆ ಸ್ಟಾರ್ ಹೇಳೋದು ಎನ್‌ಎಫ್‌ಎಲ್ ಭವಿಷ್ಯ. ನೋಲನ್, ಶೆಮಾರ್ ಸ್ಟೂವರ್ಟ್ ವಿಷಯದಲ್ಲಿ ಆ ಭವಿಷ್ಯ ನಿಜವೇ ಆಯಿತು. ಕಾಲೇಜಿನ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಅದು ಹೇಳುವುದೇ ಇಲ್ಲ, ಆದರೆ ಅಭಿಮಾನಿಗಳು ಓದೋದು ಹಾಗೇ.

ಎಷ್ಟು ವರ್ಷ ಕಾಯಬೇಕು ಅಂತಲೂ ಕೇಳಿದ್ದೀರಿ. ಹಿಂದೆ ನಾಲ್ಕು ವರ್ಷ ಅನ್ನುತ್ತಿದ್ದರು. 2021ರಿಂದ ಒಂದು ಸಲ ಕಾಲೇಜು ಬದಲಿಸಿದರೂ ಹೊರಗೆ ಕೂರಬೇಕಿಲ್ಲ ಅಂತಾದ ಮೇಲೆ ಅಷ್ಟು ಕಾಯೋದರಲ್ಲಿ ಅರ್ಥವಿಲ್ಲ. ನಾನು ಎರಡನೇ ಸೀಸನ್ ಮುಗಿದು ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವವರು ಹೆಸರು ಕೊಡುವ ಪಟ್ಟಿ) ಮುಚ್ಚಿದ ಮೇಲೆ ಪಟ್ಟಿ ನೋಡುತ್ತೇನೆ. ಉಳಿದವರಲ್ಲಿ ಎಷ್ಟು ಜನ ಆಟ ಶುರುಮಾಡುವವರಲ್ಲಿದ್ದಾರೆ, ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಇದ್ದಾನಾ? ಕ್ವಾರ್ಟರ್‌ಬ್ಯಾಕ್ ಒಬ್ಬ ಕೈಕೊಟ್ಟರೆ ಬೇರೆ ಹತ್ತು ಜನ ಚೆನ್ನಾಗಿದ್ದೂ ಕಷ್ಟ. ಎ ಅಂಡ್ ಎಂಗೆ ಆಗಿದ್ದೂ ಅದೇ. ಆ ಬ್ಯಾಚಿನ ಕ್ವಾರ್ಟರ್‌ಬ್ಯಾಕ್ ಕಾನರ್ ವೈಗ್‌ಮನ್ 2023ರಲ್ಲಿ ಪಾದದ ಗಾಯಕ್ಕೆ, 2024ರಲ್ಲಿ ಭುಜದ ಗಾಯಕ್ಕೆ ಸಿಕ್ಕಿದ, ಜಾಗ ಮುಂದಿನ ಬ್ಯಾಚಿನ ಮಾರ್ಸೆಲ್ ರೀಡ್ ಪಾಲಾಯಿತು, ವೈಗ್‌ಮನ್ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ಇದರಲ್ಲಿ ಹುಡುಗನ ತಪ್ಪೇನಿಲ್ಲ, ಆದರೆ ಬ್ಯಾಚಿನ ಲೆಕ್ಕದಲ್ಲಿ ಸೊನ್ನೆಯೇ.

ಒಬ್ಬನನ್ನು ಮಾತ್ರ ಈ ಬೈಗುಳದಿಂದ ಹೊರಗಿಡಿ. ಲವಿಯಾನ್ ಮಾಸ್ ಅಂತ, ನಾಲ್ಕು ಸ್ಟಾರ್ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಅದೇ 2022ರಲ್ಲಿ ಬಂದವನು. ಕೋಚ್ ಬದಲಾದರೂ ಬಿಟ್ಟು ಹೋಗಲಿಲ್ಲ, 2025ರವರೆಗೂ ಅಲ್ಲೇ ಆಡಿದ. ಬ್ಯಾಚಿನ ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಅವನು ಇರಲೇ ಇಲ್ಲ.