ಕರಾಟೆಯಲ್ಲಿ ‘ಕೆರಿ’ ಸರಿಯೋ, ‘ಗೆರಿ’ ಸರಿಯೋ?

ಮಡಿಕೇರಿಯಲ್ಲಿ ಮಗಳು ಕರಾಟೆಗೆ ಸೇರಿದ್ದಾಳೆ, ಮಾಸ್ಟರ್ ಒಮ್ಮೆ ‘ಕೆರಿ’ ಅನ್ನುತ್ತಾರೆ, ಇನ್ನೊಮ್ಮೆ ‘ಗೆರಿ’ ಅನ್ನುತ್ತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಒದೆತಕ್ಕೆ ಜಪಾನಿ ಪದ ಕೆರಿ. ಅದರ ಮೊದಲು ಇನ್ನೊಂದು ಪದ ಬಂದಾಗ ಗೆರಿ ಆಗುತ್ತದೆ: ಮಾಯೆ ಗೆರಿ ಅಂದರೆ ಮುಂದಕ್ಕೆ ಒದೆಯುವುದು, ಯೊಕೊ ಗೆರಿ ಅಂದರೆ ಪಕ್ಕಕ್ಕೆ. ನಮಗೆ ಇದು ಹೊಸದೇನಲ್ಲ! ಜೂನ್ ಬಂತು ಅಂದರೆ ಕೊಡಗಿನಲ್ಲಿ ನಾವೆಲ್ಲ ಹೇಳುವ ಪದವನ್ನೇ ನೋಡಿ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತದೆ ಅಲ್ವಾ, ಶಾಲೆಯಲ್ಲಿ ಆದೇಶ ಸಂಧಿ ಅಂತ ಕಲಿತದ್ದು, ಹೆಚ್ಚುಕಡಿಮೆ ಅದೇ ರೀತಿ. ಗುದ್ದಿಗೂ ಹಾಗೇ: ಒಂಟಿಯಾಗಿ ತ್ಸುಕಿ, ಜೊತೆ ಸೇರಿದರೆ ಒಯಿ ಜುಕಿ. ಕರಾಟೆ ಅನ್ನುವುದರಲ್ಲೂ ‘ಕರ’ ಖಾಲಿ, ‘ತೆ’ ಕೈ, ಒಟ್ಟಿಗೆ ಬರಿಗೈ. ನೋಡಿ, ನಮ್ಮ ಪದದಲ್ಲಿ ಕೈ ಗೈ ಆಯಿತು. ಮಗಳಿಗೆ ಹೀಗೆ ಹೇಳಿಕೊಡಿ, ಸುಮ್ನೆ ಬಾಯಿಪಾಠ ಮಾಡಿಸಬೇಡಿ.

ಇಚಿ, ನಿ, ಸಾನ್ ಎಣಿಕೆ ತಾನಾಗಿಯೇ ಬರುತ್ತದೆ. ನನಗೆ ಜಾಸ್ತಿ ಇಷ್ಟದ ಪದ ‘ಉಕೆ’. ಕ್ಲಾಸಿನಲ್ಲಿ ಅದಕ್ಕೆ ಬ್ಲಾಕ್ ಅನ್ನುತ್ತಾರೆ, ಆದರೆ ಅದು ಬಂದದ್ದು ‘ಉಕೆರು’ ಅನ್ನುವ ಪದದಿಂದ, ಅರ್ಥ ತೆಗೆದುಕೊಳ್ಳುವುದು. ಬಂದ ಹೊಡೆತವನ್ನು ಗೋಡೆಯ ಹಾಗೆ ತಡೆಯುವುದಲ್ಲ, ತೆಗೆದುಕೊಂಡು ಪಕ್ಕಕ್ಕೆ ಸರಿಸುವುದು.