ಪ್ರತಿಕ್ರಿಯೆ: ‘ಕೇಳು’ವಿಕೆಗೂ ‘ಸೇರಿರುವಿಕೆ’ಗೂ ಏನು ಸಂಬಂಧ?

ಜರ್ಮನ್ ಭಾಷೆಯ ‘ತ್ಸುಸಾಮೆನ್‌ಗೆಹ್ಯೋರಿಗ್‌ಕೈಟ್ಸ್‌ಗೆಫ್ಯೂಲ್’ (ನಾವೆಲ್ಲ ಒಂದೇ ಗುಂಪಿನವರೆಂಬ ಭಾವ) ಪದದೊಳಗೆ ‘ಹ್ಯೋರೆನ್’, ಅಂದರೆ ಕೇಳು, ಯಾಕಿದೆ ಎಂದು ಕೇಳಿದ್ದೀರಿ. ಅದು ಕಾಕತಾಳೀಯವಲ್ಲ.

ಜರ್ಮನ್ ಬರಹದಲ್ಲಿ 26 ಅಕ್ಷರದ ಈ ಪದವನ್ನು ಬಿಡಿಸಿದರೆ: ತ್ಸುಸಾಮೆನ್ (ಒಟ್ಟಿಗೆ) + ಗೆಹ್ಯೋರಿಗ್ (ಸೇರಿದ) + ಕೈಟ್ (ತನ) + ಸ್ + ಗೆಫ್ಯೂಲ್ (ಭಾವ). ಹಳೆಯ ಜರ್ಮನ್‌ನಲ್ಲಿ ‘ಗೆಹ್ಯೋರೆನ್’ (ಸೇರಿರು) ಪದದ ಪೂರ್ವರೂಪಕ್ಕೆ ಕೇಳು, ಹೇಳಿದಂತೆ ನಡೆ ಎಂಬ ಅರ್ಥಗಳಿದ್ದವು. ನಮ್ಮ ‘ಅಮ್ಮನ ಮಾತು ಕೇಳು’ ಇದ್ದಂತೆಯೇ. ಯಾರ ಮಾತು ಕೇಳಬೇಕೋ ಅವರಿಗೆ ಸೇರಿದವನು: ಅರ್ಥ ಜರುಗಿದ್ದು ಹೀಗೆ. ಒಡೆಯನ ಜಮೀನಿಗೆ ಕಟ್ಟುಬಿದ್ದ ಒಕ್ಕಲಿಗೆ ‘ಹ್ಯೋರಿಗ್’ ಎನ್ನುತ್ತಿದ್ದರು. ಇಷ್ಟು ಬೆಚ್ಚಗಿನ ಪದದ ಬುಡದಲ್ಲಿ ಜೀತದ ವಾಸನೆ ಇದೆ, ನೋಡಿ!

‘ಕೈಟ್’ ಕೂಡ ಮೂಲದಲ್ಲಿ ಬೇರೆ ಪ್ರತ್ಯಯವಲ್ಲ. ‘-ಇಗ್’ ಆದಮೇಲೆ ‘-ಹೈಟ್’ (ಇದೂ ‘ತನ’ವೇ) ಬಂದು ಬೆಸೆದುಕೊಂಡದ್ದು. ನಡುವಿನ ‘ಸ್’ ಬಹುವಚನವೆಂದುಕೊಂಡರೆ ಎಡವುತ್ತೀರಿ. ಅದು ಬರೀ ಬೆಸುಗೆ. ‘ಕೈಟ್’, ‘ಹೈಟ್’, ‘ಉಂಗ್’ ಪ್ರತ್ಯಯಗಳಾದಮೇಲೆ ಇನ್ನೊಂದು ಪದ ಸೇರಿದರೆ ಸಾಮಾನ್ಯವಾಗಿ ಬರುತ್ತದೆ.

ಗುಂಪಿಗೆ ಸೇರಿದವ ಎನ್ನಲು ‘ಗೆಹ್ಯೋರೆನ್’ ಬಳಸುವಾಗ ‘ತ್ಸು’ (ನಮ್ಮ ‘-ಗೆ’ ಇದ್ದಂತೆ) ಮರೆಯಬೇಡಿ. ‘ಎರ್ ಗೆಹ್ಯೋರ್ಟ್ ತ್ಸು ಉನ್ಸ್’ ಅಂದರೆ ಅವನು ನಮ್ಮವರಲ್ಲೊಬ್ಬ. ‘ತ್ಸು’ ಬಿಟ್ಟರೆ ಅವನು ನಮ್ಮ ಸೊತ್ತು!