ಟೀ ಬಿಸ್ಕತ್ತಿನ ಕಮಿಟಿಗೆ ಹೋಗಬೇಕಾ?

ಓದುಗರ ಪತ್ರ: "28 ವರ್ಷ ಫೌಜಿನಲ್ಲಿದ್ದು ಸುಬೇದಾರನಾಗಿ ಪೆನ್ಷನ್ ಬಂದೆ. ಈಗ ಮಾಜಿ ಸೈನಿಕರ ಕಷ್ಟಸುಖ ನೋಡುವ ಜಿಲ್ಲಾ ಸೈನಿಕ ಮಂಡಳಿಗೆ ಸದಸ್ಯರಾಗಿ ಬನ್ನಿ ಅಂತ ಕರೆಯುತ್ತಿದ್ದಾರೆ. ಸಂಬಳ ಇಲ್ಲ, ಸಹಿ ಹಾಕುವ ಅಧಿಕಾರ ಇಲ್ಲ. ಟೀ, ಬಿಸ್ಕತ್ತು, ಹಿಂದಿನ ಸಭೆಯ ನಡಾವಳಿ, ಕೊನೆಗೆ ಒಂದು ಫೋಟೊ. ಇಷ್ಟಕ್ಕೆ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಾ? ಈ ಕಮಿಟಿಗಳಿಂದ ಯಾರಿಗಾದರೂ ಉಪಯೋಗ ಆಗಿದ್ದುಂಟಾ? ನಮ್ಮ ಪಕ್ಕದ ಹಳ್ಳಿಯಲ್ಲಿ 71ರ ಯುದ್ಧಕ್ಕೆ ಹೋಗಿದ್ದ ಅಜ್ಜ ಒಬ್ಬರಿದ್ದಾರೆ. ಒಂಬತ್ತು ವರ್ಷಕ್ಕೇ ಬಿಟ್ಟು ಬಂದವರು, ಪಿಂಚಣಿ ಇಲ್ಲ. ಅವರಿಗೆ ಕಮಿಟಿ ಏನು ಮಾಡಿದೆ ಹೇಳಿ."

ಸುಬೇದಾರ್ ಸಾಹೇಬರೇ, ನಮಸ್ಕಾರ.

ಹೋಗಿ. ಉತ್ತರ ಇಷ್ಟೇ. ಆದರೆ ಸಭೆಗೋಸ್ಕರ ಹೋಗಬೇಡಿ. ಸಭೆಯ ಬಗ್ಗೆ ನೀವು ಬರೆದದ್ದರಲ್ಲಿ ಸುಳ್ಳು ಜಾಸ್ತಿ ಇಲ್ಲ. ಟೀಯೂ ನಿಜ, ಫೋಟೊನೂ ನಿಜ. ವರದಿಗೆ ಅಂತ ನಾನೂ ಒಮ್ಮೆ ಅಂಥ ಸಭೆಯಲ್ಲಿ ಕುಳಿತಿದ್ದೆ. ಯಾವ ಜಿಲ್ಲೆ ಅಂತ ಹೇಳುವುದಿಲ್ಲ. ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಗಂಟೆ ಕ್ಯಾಂಟೀನಿನಲ್ಲಿ ಸಾಮಾನು ಸಿಗುತ್ತಿಲ್ಲ ಅನ್ನುವ ಮಾತಿಗೇ ಹೋಯಿತು. ಕ್ಯಾಂಟೀನು ಈ ಮಂಡಳಿಯ ಕೈಯಲ್ಲಿಲ್ಲ, ಅದನ್ನು ನಡೆಸುವವರು ಸೇನೆಯವರು. ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆಯೂ ಅಷ್ಟೇ, 2003ರ ಏಪ್ರಿಲ್‌ನಲ್ಲಿ ಶುರುವಾದಾಗಿನಿಂದ ಅದು ಬೇರೆಯೇ. ಜಮೀನು ಮಂಜೂರಾತಿ ಕಂದಾಯ ಇಲಾಖೆಯ ಕೆಲಸ. ಇದೆಲ್ಲ ಗೊತ್ತಿದ್ದೂ ಯಾರೂ ಮಾತು ನಿಲ್ಲಿಸಲಿಲ್ಲ. ಯಾಕೆಂದರೆ ಸೈನಿಕರ ದೂರು ಹೇಳಿಕೊಳ್ಳಲು ಜಿಲ್ಲೆಯಲ್ಲಿ ಇರುವ ಬಾಗಿಲು ಅದೊಂದೇ.

ಆ ಬಾಗಿಲು ಇವತ್ತಿನದಲ್ಲ. ಮೊದಲ ಮಹಾಯುದ್ಧಕ್ಕೆ ಈ ದೇಶದಿಂದ 13 ಲಕ್ಷಕ್ಕೂ ಜಾಸ್ತಿ ಜನ ಹೋದರು, ಸುಮಾರು 74,000 ಮಂದಿ ತಿರುಗಿ ಬರಲಿಲ್ಲ. ಬಂದವರು ಹಳ್ಳಿಗಳಿಗೆ ಹೋಗಿ ಸೇರಿಕೊಂಡರು. ಅವರನ್ನು ನೋಡಿಕೊಳ್ಳಲು 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹುಟ್ಟಿತು. ಬ್ರಿಟನ್ನಿನಲ್ಲಿ ಅದೇ ಯುದ್ಧದ ನಡುವೆ, 1915ರಲ್ಲೇ, ಕಾನೂನು ಮಾಡಿ ಊರೂರಿಗೆ ಪಿಂಚಣಿ ಕಮಿಟಿಗಳನ್ನು ಮಾಡಿದ್ದರು. ಅಲ್ಲಿ ಇವತ್ತಿಗೂ ಪ್ರಾಂತ್ಯಕ್ಕೊಂದರಂತೆ ಅಂಥ ಕಮಿಟಿಗಳಿವೆ. ಅವರಿಗೂ ಸಂಬಳ ಇಲ್ಲ ಸಾಹೇಬರೇ, ನೀವೊಬ್ಬರೇ ಅಲ್ಲ.

ನಮ್ಮ ಆ ಬೋರ್ಡೇ ಹೆಸರು ಬದಲಾಗಿ ಈಗ ಕೇಂದ್ರೀಯ ಸೈನಿಕ ಮಂಡಳಿ. ರಕ್ಷಣಾ ಮಂತ್ರಿಗಳು ಅದರ ಅಧ್ಯಕ್ಷರು. ಅದರ ಕೆಳಗೆ ರಾಜ್ಯ ಮಂಡಳಿಗಳು, ಅದರ ಕೆಳಗೆ ದೇಶದಲ್ಲಿ 400ಕ್ಕೂ ಹೆಚ್ಚು ಜಿಲ್ಲಾ ಮಂಡಳಿಗಳು. ಖರ್ಚನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ನಮ್ಮಲ್ಲಿ ದಿನನಿತ್ಯದ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಎಲ್ಲ ಜಿಲ್ಲೆಗೂ ಕಚೇರಿ ಇಲ್ಲ. ಮಂಗಳೂರಿನ ಕಚೇರಿಯೇ ಉಡುಪಿಯನ್ನೂ ನೋಡಿಕೊಳ್ಳುತ್ತದೆ. ಕಚೇರಿಯಲ್ಲಿ ಒಬ್ಬ ಅಧಿಕಾರಿ, ಬೆರಳೆಣಿಕೆಯ ಸಿಬ್ಬಂದಿ. ಅವರು ಬಂದವರ ಅರ್ಜಿ ನೋಡಬಲ್ಲರು. ಬಾರದವರನ್ನು ಹುಡುಕಿಕೊಂಡು ಹಳ್ಳಿಗೆ ಹೋಗುವುದು ಅವರಿಂದ ಆಗುವುದಿಲ್ಲ.

ನಿಮ್ಮ ಕೆಲಸ ಅಲ್ಲಿಂದ ಶುರು.

ಒಂದು ಮನೆಯ ಕತೆ ಹೇಳುತ್ತೇನೆ, ನಮ್ಮ ಮನೆಯದೇ. ನನ್ನ ದೊಡ್ಡಪ್ಪ ಆರ್ಟಿಲರಿಯಲ್ಲಿದ್ದರು. ಹವಾಲ್ದಾರ್ ಆಗಿ ಪೆನ್ಷನ್ ಬಂದು, ಇಪ್ಪತ್ತು ವರ್ಷ ತೋಟ ನೋಡಿಕೊಂಡು, ಒಂದು ಬೆಳಿಗ್ಗೆ ತೀರಿಹೋದರು. ದೊಡ್ಡಮ್ಮನಿಗೆ ಕುಟುಂಬ ಪಿಂಚಣಿ ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆವು. ಬರಲಿಲ್ಲ. ಸೇನೆಯ ದಾಖಲೆಯಲ್ಲಿ ಅವರ ಹೆಸರು ಲಕ್ಷ್ಮಿ. ಮದುವೆಯಾದ ಹೊಸದರಲ್ಲಿ ಯೂನಿಟ್ಟಿನ ಕ್ಲರ್ಕ್ ಕೇಳಿದಾಗ ದೊಡ್ಡಪ್ಪ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದ್ದರು. ಆಧಾರ್‌ನಲ್ಲಿ ಲಕ್ಷ್ಮಮ್ಮ. ಬ್ಯಾಂಕಿನಲ್ಲಿ ಲಕ್ಷ್ಮೀದೇವಿ, ಹುಟ್ಟಿದ ವರ್ಷವೂ ಬೇರೆ. ಎಪ್ಪತ್ತು ದಾಟಿದ ಹೆಂಗಸು, ತಾನು ತಾನೇ ಅಂತ ಸಾಬೀತು ಮಾಡುವುದಕ್ಕೆ ಅಫಿಡವಿಟ್ ಹಿಡಿದುಕೊಂಡು ಓಡಾಡಬೇಕಾಯಿತು. ಕಡತ ನಾಸಿಕ್‌ನ ಸೇನಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ. ಪಿಂಚಣಿ ಆದೇಶ ಹೊರಡುವುದು ಪ್ರಯಾಗ್‌ರಾಜ್‌ನಿಂದ. ಆಧಾರ್ ತಿದ್ದುವುದು ತಾಲ್ಲೂಕಿನಲ್ಲಿ. ಒಂದು ಕಡೆ ಸರಿಮಾಡಿಸಿದರೆ ಇನ್ನೊಂದು ಕಡೆ ತಪ್ಪಾಗುತ್ತಿತ್ತು. ಹದಿನೇಳು ತಿಂಗಳು ಹಿಡಿಯಿತು. ನಡುವೆ ಒಂದು ಕೌಂಟರಿನಲ್ಲಿ ಒಬ್ಬರು, "ಅಜ್ಜಿ, ನಿಮ್ಮ ಗಂಡನ್ನೇ ಕರ್ಕೊಂಡು ಬನ್ನಿ, ಅವರು ಸಹಿ ಹಾಕಿದ್ರೆ ಸುಲಭ" ಅಂದಿದ್ದೂ ಉಂಟು. ಮರಣ ಪ್ರಮಾಣಪತ್ರ ಅವರ ಮುಂದೆಯೇ ಇತ್ತು.

ಸಿಟ್ಟು ಬರುವುದು ಆ ಮಾತಿಗಲ್ಲ. ಅವರು ಹೇಳಿದ್ದು ಒಂದು ಲೆಕ್ಕದಲ್ಲಿ ಸರಿಯಾಗಿತ್ತು, ಅದಕ್ಕೆ. ದೊಡ್ಡಪ್ಪ ಇದ್ದಾಗ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ಹಾಕಿ ಹೆಸರು ತಿದ್ದಿಸಿ, ಅದನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಮಾಡಿಸಿ, ಪಿಪಿಒ ಅಂದರೆ ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು ಸರಿ ಇದೆಯಾ ಅಂತ ನೋಡಿಕೊಂಡಿದ್ದರೆ ಮುಗಿಯುತ್ತಿತ್ತು. ಯಾರೂ ಅವರಿಗೆ ಹೇಳಲಿಲ್ಲ. ಆ ಕಬ್ಬಿಣದ ಪೆಟ್ಟಿಗೆಯನ್ನು ಅವರು ತೆರೆಯುತ್ತಿದ್ದದ್ದು ಮೆಡಲ್ ತೋರಿಸುವುದಕ್ಕೆ ಮಾತ್ರ.

ಈಗ ಪಿಂಚಣಿಯೆಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಒಳ್ಳೆಯದೇ, ಕಡತ ಕಳೆದುಹೋಗುವುದು ತಪ್ಪಿತು. ಆದರೆ ಕಂಪ್ಯೂಟರಿಗೆ ಲಕ್ಷ್ಮಿ ಬೇರೆ, ಲಕ್ಷ್ಮಮ್ಮ ಬೇರೆ. ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡದಿದ್ದರೆ ಬದುಕಿದ್ದವರ ಪಿಂಚಣಿಯೂ ನಿಲ್ಲುತ್ತದೆ. ಬೆರಳಚ್ಚು ಸವೆದುಹೋದ ಮುದುಕರು ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಸುಸ್ತಾಗಿ ಮನೆಗೆ ಹೋಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಹಾಗಾಗಿ ಕಮಿಟಿ ಸದಸ್ಯರಾಗಿ ನೀವು ಮಾಡಬಹುದಾದ ಮೊದಲ ಕೆಲಸಕ್ಕೆ ಯಾರ ಸಹಿಯೂ ಬೇಡ. ನಿಮ್ಮ ಹೋಬಳಿಯಲ್ಲಿ ಎಷ್ಟು ಮಾಜಿ ಸೈನಿಕರ ಮನೆಗಳಿವೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೊಂದು ಮನೆಗೂ ಹೋಗಿ. ಪೆಟ್ಟಿಗೆ ತೆಗೆಸಿ. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಗಂಡ ಬದುಕಿರುವಾಗಲೇ ನೋಡಿ. ಹೆಂಗಸರ ಎದುರಿಗೇ ನೋಡಿ, ಕಾಗದ ಎಲ್ಲಿದೆ ಅಂತ ಅವರಿಗೂ ಗೊತ್ತಾಗಲಿ. ನೀವು ಸುಬೇದಾರರು, ಕಿಟ್ ಇನ್‌ಸ್ಪೆಕ್ಷನ್ ಮಾಡಿದವರು. ನಿಮಗೆ ನಾನು ಹೇಳಿಕೊಡಬೇಕಾ?

ಎರಡನೆಯದು ಪಿಂಚಣಿಯೇ ಇಲ್ಲದವರು. ಊರಿನವರು "ಅವರಿಗೇನು, ಮಿಲಿಟರಿ ಪೆನ್ಷನ್ ಬರುತ್ತೆ" ಅಂದುಕೊಂಡಿರುತ್ತಾರೆ. ಸಿಪಾಯಿಯಿಂದ ನಿಮ್ಮಂಥ ಸುಬೇದಾರರಿರುವ ಜೆಸಿಒ ದರ್ಜೆಯವರೆಗೆ 15 ವರ್ಷ ಸರ್ವಿಸ್ ಆಗದಿದ್ದರೆ ಸರ್ವಿಸ್ ಪಿಂಚಣಿ ಇಲ್ಲ ಅನ್ನುವುದು ಊರಿಗೆ ಗೊತ್ತಿರುವುದಿಲ್ಲ. ಅಂಥವರಲ್ಲಿ ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಬೇರೆ ಆದಾಯವಿಲ್ಲದ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು 8,000ಕ್ಕೆ ಏರಿಸಿದರು. ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ಹೊಸ ದರ. ಅದರ ಜೊತೆಗೆ ಮಕ್ಕಳ ಓದಿನ ನೆರವು ತಿಂಗಳಿಗೆ 1,000 ಇದ್ದದ್ದು 2,000 ಆಯಿತು, ಇಬ್ಬರು ಮಕ್ಕಳವರೆಗೆ. ಮಗಳ ಮದುವೆಯ ನೆರವು 50,000 ಇದ್ದದ್ದು ಒಂದು ಲಕ್ಷ.

ಹಣ ಇದೆ. ಅರ್ಜಿ ಹಾಕುವುದು ವೆಬ್‌ಸೈಟಿನಲ್ಲಿ. ತಿಂಗಳಿಗೆ ಎಂಟು ಸಾವಿರ ಬೇಕಾಗಿರುವ ಎಪ್ಪತ್ತೈದರ ಮುದುಕರ ಕೈಯಲ್ಲಿ ಸ್ಕ್ಯಾನರ್ ಇರುತ್ತದಾ? ಕಾಗದ ಅಪ್‌ಲೋಡ್ ಮಾಡಬೇಕು, ಜಿಲ್ಲಾ ಕಚೇರಿ ಪರಿಶೀಲಿಸಬೇಕು, ಏನಾದರೂ ಕೊರತೆ ಇದ್ದರೆ ವಾಪಸ್ ಬರುತ್ತದೆ. ವಾಪಸ್ ಬಂದಿದೆ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಮೊಮ್ಮಗನ ಫೋನು ಇಲ್ಲಿ ಮಂತ್ರಿಗಳ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಸಭೆಯ ವಿಷಯ. ಜಿಲ್ಲಾ ಮಂಡಳಿಯ ಅಧ್ಯಕ್ಷರು ಯಾರು? ಜಿಲ್ಲಾಧಿಕಾರಿ. ಈ ಕಮಿಟಿಯಲ್ಲಿ ನಿಜವಾದ ಶಕ್ತಿ ಇರುವುದು ಇದೊಂದರಲ್ಲೇ, ಅದನ್ನೇ ಸದಸ್ಯರು ಸುಮ್ನೆ ಹಾಳುಮಾಡುತ್ತಾರೆ. "ಮಾಜಿ ಸೈನಿಕರಿಗೆ ಅನ್ಯಾಯವಾಗುತ್ತಿದೆ" ಅಂತ ಎದ್ದು ಮಾತನಾಡಿದರೆ ಡಿಸಿ ತಲೆಯಾಡಿಸುತ್ತಾರೆ. ನಡಾವಳಿಯಲ್ಲಿ "ಸೂಕ್ತ ಕ್ರಮ" ಅಂತ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಬದಲಿಗೆ ಮೂರು ಹೆಸರು ತೆಗೆದುಕೊಂಡು ಹೋಗಿ. ಈ ಊರು, ಈ ಸರ್ವೆ ನಂಬರ್, ತಹಶೀಲ್ದಾರರ ಮುಂದೆ ಇಂಥ ದಿನದಿಂದ ಅರ್ಜಿ ಇದೆ. ಈ ವಿಧವೆ, ಈ ಬ್ಯಾಂಕು, ಖಾತೆಯಲ್ಲಿ ಹೆಸರು ತಿದ್ದುತ್ತಿಲ್ಲ. ತಹಶೀಲ್ದಾರರಿಗೆ ಡಿಸಿ ಅಲ್ಲಿಂದಲೇ ಫೋನ್ ಮಾಡಬಹುದು. ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಡಿಸಿ ಕರೆದರೆ ಬರುತ್ತಾರೆ, ನೀವು ನಾನು ಕರೆದರೆ ಬರುವುದಿಲ್ಲ. ಮುಂದಿನ ಸಭೆಯಲ್ಲಿ ಅದೇ ಮೂರು ಹೆಸರು ಏನಾಯಿತು ಅಂತ ಕೇಳಿ. ನೀವು ಬೇಸರಪಟ್ಟ "ಹಿಂದಿನ ಸಭೆಯ ನಡಾವಳಿ" ಇದೆಯಲ್ಲ, ಅದು ಇರುವುದೇ ಇದಕ್ಕೆ.

ಸೈನಿಕರ ನೆರವಿಗೆ ಹಣ ಕೂಡಿಸುವ ಧ್ವಜ ದಿನದ ಬಗ್ಗೆ ಒಂದೇ ಮಾತು. ಡಿಸೆಂಬರ್ 7, 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿಯ ಆ ಪುಟ್ಟ ಬಾವುಟದ ಡಬ್ಬಿ ಹಿಡಿದು ನಿಲ್ಲಲು ನಿಮ್ಮನ್ನೂ ಕರೆಯುತ್ತಾರೆ. ನಿಲ್ಲಿ. ಬಾವುಟ ಕೊಂಡ ಯಾರಾದರೂ "ದುಡ್ಡು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರೆ ನಿಮ್ಮ ನೋಟ್‌ಬುಕ್ಕಿನಿಂದ ಒಂದು ಮನೆಯ ಸಂಗತಿ ಹೇಳಿ, ಹೆಸರು ಹೇಳಬೇಡಿ.

ಮುಂದೆ ಬರುವವರ ಬಗ್ಗೆಯೂ ಯೋಚನೆ ಮಾಡಬೇಕು. 2022ರಲ್ಲಿ ನಾಲ್ಕು ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ್ ಯೋಜನೆ ಬಂತು. ಮೊದಲ ತಂಡದ ಹುಡುಗರಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಶುರುವಿನಲ್ಲಿ. ಕಾಲು ಭಾಗದವರೆಗೆ ಉಳಿಸಿಕೊಳ್ಳುತ್ತಾರೆ, ಮಿಕ್ಕವರು ಬಿಡುವಾಗ ಕೊಡುವ ಸೇವಾ ನಿಧಿಯ ಸುಮಾರು 11.71 ಲಕ್ಷ ಹಿಡಿದು ಊರಿಗೆ ಬರುತ್ತಾರೆ. ಪಿಂಚಣಿ ಇಲ್ಲ. ಯೋಜನೆಯ ನಿಯಮದಲ್ಲಿ ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಇಪ್ಪತ್ತೈದು ದಾಟದ ಹುಡುಗ ಸೈನಿಕ ಕಚೇರಿಯ ಬಾಗಿಲಲ್ಲಿ ನಿಂತಾಗ, "ನೀನು ನಮ್ಮ ಪಟ್ಟಿಯಲ್ಲಿಲ್ಲ" ಅಂತ ಹೇಳಬೇಕಾ? ಈ ಪ್ರಶ್ನೆ ದೆಹಲಿಯಲ್ಲಿ ತೀರ್ಮಾನ ಆಗಬೇಕಾದ್ದು, ನಿಜ. ಆದರೆ ಎಷ್ಟು ಹುಡುಗರು ಬಂದರು, ಏನು ಮಾಡುತ್ತಿದ್ದಾರೆ ಅನ್ನುವ ಲೆಕ್ಕ ಮೊದಲು ಜಿಲ್ಲೆಯಿಂದಲೇ ಹೋಗಬೇಕು. ಅವರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಡಿ.

ಕೊನೆಗೆ ನಿಮ್ಮ ಪಕ್ಕದ ಹಳ್ಳಿಯ ಅಜ್ಜ. ಕಮಿಟಿ ಅವರಿಗೇನು ಮಾಡಿದೆ ಅಂತ ಕೇಳಿದ್ದೀರಿ. ಬಹುಶಃ ಅವರು ಇದ್ದಾರೆ ಅನ್ನುವುದೇ ಕಮಿಟಿಗೆ ಗೊತ್ತಿಲ್ಲ. ಗೊತ್ತಿರುವುದು ನಿಮಗೆ.

ಒಂಬತ್ತು ವರ್ಷಕ್ಕೆ "ಬಿಟ್ಟು ಬಂದವರು" ಅಂತ ಬರೆದಿದ್ದೀರಿ. ಬಿಟ್ಟರೋ, ಬಿಡಿಸಿದರೋ? ಆ ಕಾಲದಲ್ಲಿ ಕೆಲವು ವರ್ಷ ಕಲರ್ ಸರ್ವಿಸ್, ಅಂದರೆ ಪಡೆಯಲ್ಲೇ ಇದ್ದು ಮಾಡುವ ಸೇವೆ, ಮುಗಿಸಿ, ಕರೆದಾಗ ಹೋಗಬೇಕಾದ ರಿಸರ್ವ್‌ಗೆ ಬಂದವರು ಬಹಳ ಜನ. ಎರಡೂ ಸೇರಿ 15 ವರ್ಷ ಆಗಿದ್ದರೆ ರಿಸರ್ವಿಸ್ಟ್ ಪಿಂಚಣಿ ಅಂತ ಒಂದಿದೆ. ಮೊದಲು ಅದು ಸಿಗುತ್ತದಾ ನೋಡಿ. ಅದಿಲ್ಲ ಅಂತ ಖಾತ್ರಿಯಾದರೆ ಆಮೇಲೆ ಎಂಟು ಸಾವಿರದ ಅರ್ಜಿ. ಎರಡಕ್ಕೂ ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಡುಗಡೆಯ ಕಾರಣ ಏನು ಬರೆದಿದೆ ಅನ್ನುವುದು ಮುಖ್ಯ. ಬುಕ್ಕು ಗೆದ್ದಲು ತಿಂದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ಸರ್ವಿಸ್ ವಿವರ ಕೇಳಬಹುದು. ಅದಕ್ಕೆ ಅವರ ಆರ್ಮಿ ನಂಬರ್ ಬೇಕು.

ನಂಬರ್ ಕೇಳಿ ನೋಡಿ. ಅಜ್ಜನಿಗೆ ನಿನ್ನೆ ಊಟ ಮಾಡಿದ್ದು ಮರೆತಿರಬಹುದು, ಮೊಮ್ಮಕ್ಕಳ ಹೆಸರು ಅದಲುಬದಲಾಗಿರಬಹುದು. ನಂಬರ್ ಮರೆತ ಫೌಜಿಯನ್ನು ನಾನಂತೂ ಇಲ್ಲಿಯವರೆಗೆ ನೋಡಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ಆಮೇಲೆ ಬಸ್ಸು ಹತ್ತಿ.

— ಸಂಪಾದಕ